ತೆಲಸಂಗದ ಸುಮಿ ಕಲಿಸಿದ ಕೂಗು

ತೊಂಬತ್ತರ ದಶಕದ ಆರಂಭ. ಅಥಣಿ ಕಡೆಯ ತೆಲಸಂಗಕ್ಕೆ ಮಕ್ಕಳ ಕಿವಿ ತಪಾಸಣೆಗೆ ಹೋಗಿದ್ದೆ. ಆರು ವರ್ಷದ ಸುಮಿಯನ್ನು ಅವಳ ಅಜ್ಜಿ ಕರೆತಂದಿದ್ದಳು. ಅವಳಿಗಿದ್ದದ್ದು ಆಟಿಸಂ ಎಂದು ಈಗ ಗೊತ್ತು; ಆಗ ಆ ಪದ ನನಗೆ ಪುಸ್ತಕದಲ್ಲಷ್ಟೇ ಪರಿಚಯ. ಹೆಸರು ಹಿಡಿದು ಹತ್ತು ಸಲ ಕರೆದೆ. ಅವಳು ಕಿಟಕಿಯ ಸರಳು ಸವರುತ್ತಾ ನಿಂತೇ ಇದ್ದಳು. ಕಿವುಡು ಎಂದು ಬರೆಯಲು ಪೆನ್ನು ತೆಗೆದೆ.

"ಹಂಗ ಒಣಾ ಒಣಾ ಕರದ್ರ ಹೊಳ್ಳಿ ನೋಡೂದಿಲ್ರಿ ಆಕಿ. ಹೊಲದಾಗ ಕರದಂಗ ಕರೀರಿ," ಅಂದಳು ಅಜ್ಜಿ. ಜೋಳದ ಹೊಲದ ಆಚೆ ಬದುವಿಗೆ ಕೇಳುವ ಹಾಗೆ, ದನಿಯನ್ನು ಕೆಳಗಿಂದ ಎತ್ತಿ, ತುದಿಯಲ್ಲಿ ಎಳೆದು "ಸುಮೀ..." ಎಂದು ಕೂಗಿ ತೋರಿಸಿದಳು. ಹುಡುಗಿ ಥಟ್ಟನೆ ತಿರುಗಿದಳು.

ನಾನೂ ನಾಚಿಕೆ ಬಿಟ್ಟು ಹಾಗೇ ಕೂಗಿದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಸುಮಿ ಹತ್ತಿರ ಬಂದು ನನ್ನ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಆಮೇಲೆ ಅದೇ ಕೂಗನ್ನು ಮಾತಿಲ್ಲದೆ, ಬರೀ ದನಿಯಲ್ಲಿ ಗುನುಗಿದಳು.

"ನಿಮ್ಮ ದನಿ ತುದೀಗೆ ಇಳೀತ್ರಿ, ಅದನ್ನ ತಿದ್ದಾಕತ್ತಾಳ," ಅಂದಳು ಅಜ್ಜಿ.

ಫಾರ್ಮಿನಲ್ಲಿ 'ಕಿವಿ ಕೇಳಿಸುತ್ತದೆಯೇ?' ಎಂಬುದರ ಮುಂದೆ 'ನನಗಿಂತ ಚೆನ್ನಾಗಿ' ಎಂದು ಬರೆದೆ. ಮೇಲಿನವರು ಅದನ್ನು ವಾಪಸ್ ಕಳಿಸಿದರು. ಹೌದು ಅಥವಾ ಇಲ್ಲ, ಅಷ್ಟೇ ಬರೆಯಬೇಕಂತೆ.