ತಪ್ಪಲಿಗೊಂದು ಸಾಲು

ಸಾಹೇಬರು ನಕ್ಷೆ ನೋಡಿ ಅಂಕಿ ಕೊಡುತ್ತಿದ್ದರು. ಆ ಅಂಕಿಯನ್ನು ಜನರಿಗೆ ತಿಳಿಯುವ ಮಾತಾಗಿ ಮಾಡುವುದು ಅವಳ ಕೆಲಸ. ಹವಾಮಾನ ಕಚೇರಿಯ ಕಿಟಕಿ ಪಕ್ಕದ ಮೇಜಿನಲ್ಲಿ ಇಪ್ಪತ್ತಾರು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದಳು. ದಿನಕ್ಕೆ ಎರಡು ಸಾಲು: ಮೇಲಿನದು ಬೆಟ್ಟಕ್ಕೆ, ಕೆಳಗಿನದು ಬಯಲಿಗೆ. ಬರೆಯುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ, ತನ್ನ ಮಾತಿನಿಂದ ಯಾರಿಗೂ ಕೇಡಾಗದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದಳು. ಹನ್ನೊಂದು ಗಂಟೆಗೆ ಆ ಹಾಳೆ ರೇಡಿಯೋದವರ ಕೈ ಸೇರಬೇಕು. ಬೀದಿಯಲ್ಲಿ ಅವಳಿಗೆ ಮೋಡದಮ್ಮ ಅಂತಲೇ ಹೆಸರು. ಕಚೇರಿಯ ಎದುರು ಚಪ್ಪಲಿ ಹೊಲಿಯುವವನಂತೂ, ಮಳೆ ಇಲ್ಲ ಅಂತ ನೀವು ಬರೆದಿದ್ದಕ್ಕೇ ಕೊಡೆ ತಂದೆ ಎಂದು ವಾರಕ್ಕೊಮ್ಮೆಯಾದರೂ ರೇಗಿಸದೆ ಬಿಡುತ್ತಿರಲಿಲ್ಲ. ಅವಳೂ ನಗುತ್ತಿದ್ದಳು. ಆ ಕೆಲಸದಲ್ಲಿ ತಪ್ಪುವುದು ಇದ್ದದ್ದೇ.

ಹೋದ ವರ್ಷ ಮಾತ್ರ ಅವಳ ಮಾತು ಅಕ್ಷರ ಅಕ್ಷರವೂ ನಿಜವಾಗಿ, ಅಕ್ಕನ ಮನೆ ಹಾಳಾಯಿತು.

ಅಕ್ಕ, ಭಾವ ಬೆಟ್ಟದ ತಪ್ಪಲಿನಲ್ಲಿ ಜೇನು ಸಾಕುತ್ತಿದ್ದರು. ವಸಂತದ ಕೊನೆಗೆ, ಗಿಡಗಳೆಲ್ಲ ಹೂ ಬಿಟ್ಟು ನಿಂತಾಗ, ತುಂಬಿದ ಪೆಟ್ಟಿಗೆಯ ಕುಟುಂಬವನ್ನು ಎರಡು ಮಾಡಿ ಅರ್ಧವನ್ನು ಹೊಸ ಪೆಟ್ಟಿಗೆಗೆ ಇಳಿಸುತ್ತಾರೆ. ಅದಕ್ಕೆ ಪಾಲು ಮಾಡುವುದು ಅನ್ನುತ್ತಾರೆ. ಸ್ವಂತ ಅಣ್ಣತಮ್ಮಂದಿರ ಪಾಲು ಹನ್ನೆರಡು ವರ್ಷ ಎಳೆದಾಡಿದ್ದನ್ನು ಕಂಡಿದ್ದ ಭಾವ, ಜೇನಿನದಕ್ಕೆ ಅರ್ಧ ಗಂಟೆ ಸಾಕು, ವಕೀಲರೂ ಬೇಡ ಎಂದು ನಗುತ್ತಿದ್ದರು. ಆದರೆ ಪಾಲಾದ ಹೊಸದರಲ್ಲಿ ಎರಡೂ ಪೆಟ್ಟಿಗೆಯಲ್ಲಿ ನೊಣ ಕಡಿಮೆ. ಮರಿಗಳನ್ನು ಮುಚ್ಚಿ ಬೆಚ್ಚಗಿಡಲು ಸಾಲದು. ಆಗ ನೀರು ಹೆಪ್ಪುಗಟ್ಟುವಂಥ ಒಂದು ಬೆಳಗು ಬಂದರೆ ಮುಗಿದೇ ಹೋಯಿತು.

ಅವಳು ಬರೆದದ್ದು ಇಷ್ಟೇ: ಈ ವಾರವೆಲ್ಲ ಬೆಟ್ಟದಲ್ಲಿ ಕೊರೆಯುವ ಚಳಿ, ಬಯಲಿನಲ್ಲಿ ಬೆಚ್ಚನೆಯ ಬೆಳಗು. ಅಕ್ಕನ ಊರಿನವರನ್ನು ಮೇಲಿನವರು ಬಯಲಿನವರು ಅನ್ನುತ್ತಾರೆ, ಕೆಳಗಿನವರು ಬೆಟ್ಟದವರು ಅನ್ನುತ್ತಾರೆ. ಅವರನ್ನೇ ಕೇಳಿದರೆ, ಸರ್ಕಾರ ಬೆಟ್ಟದವರಿಗೆ ಕಂಬಳಿ ಹಂಚುವ ದಿನ ಬೆಟ್ಟದವರು, ಮಿಕ್ಕ ದಿನ ಬಯಲಿನವರು. ರೇಡಿಯೋ ಕೇಳಿದ ಅಕ್ಕ ಬೆಚ್ಚನೆಯ ಬೆಳಗು ತಮ್ಮದೇ ಎಂದುಕೊಂಡು ಮೂವತ್ತು ಪೆಟ್ಟಿಗೆಯನ್ನು ಅರವತ್ತು ಮಾಡಿದಳು. ಮೂರನೆಯ ದಿನ ಬೆಳಕು ಹರಿದಾಗ ಹುಲ್ಲೆಲ್ಲ ಹಿಮ ಕೂತು ಬೆಳ್ಳಗೆ ಗರಿಗಟ್ಟಿತ್ತು. ಬದುಕಿದ್ದು ಹದಿನೆಂಟು.

ಸುದ್ದಿ ಕೇಳಿ ಓಡಿ ಹೋದ ತಂಗಿಯನ್ನು ಅಕ್ಕ ಬೈಯಲಿಲ್ಲ. ತಣ್ಣಗಾದ ಮೇಣದ ಎರಿಯೊಂದನ್ನು ಬಿಸಿಲಿಗೆ ಹಿಡಿದು ನೋಡುತ್ತಾ ಹೇಳಿದಳು: "ನೀನು ಬರೆದದ್ದು ಸರಿಯೇ ಇತ್ತು ಬಿಡು. ನಾವು ಯಾರು ಅಂತ ನಮಗೇ ಗೊತ್ತಾಗ್ಲಿಲ್ಲ."

ಬೈದಿದ್ದರೆ ವಾಸಿಯಿತ್ತು. ಆ ಮಾತು ಅವಳಿಗೆ ಅನ್ನದಲ್ಲಿ ಸಿಕ್ಕ ಕಲ್ಲಿನಂತಾಯಿತು. ಎರಡು ವಾರ ಕಳೆದ ಮೇಲೆ, ಕಚೇರಿಯ ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದ ಥರ್ಮಾಮೀಟರೊಂದನ್ನು ಸಾಹೇಬರ ಅಪ್ಪಣೆ ಪಡೆದು ತೆಗೆದುಕೊಂಡಳು. ರಾತ್ರಿಯ ಅತಿ ಕಡಿಮೆ ಉಷ್ಣತೆ ಎಷ್ಟಕ್ಕೆ ಇಳಿದಿತ್ತು ಎಂದು ಅದು ಬೆಳಗಿನವರೆಗೂ ಗುರುತು ಹಿಡಿದಿಟ್ಟಿರುತ್ತದೆ. ಬಡಗಿಯಿಂದ ಗಾಳಿಯಾಡುವ ಬಿಳಿ ಗೂಡು ಮಾಡಿಸಿ, ಅಕ್ಕನ ಅಂಗಳದಲ್ಲಿ ನಿಲ್ಲಿಸಿ, ದಿನಾ ಆರು ಗಂಟೆಗೆ ಓದಿ ಬರೆದಿಡು ಎಂದಳು. ಆಫೀಸೇ ಮನೆಗೆ ಬಂತು, ಸಂಬಳ ಯಾವಾಗ ಬರುತ್ತೆ ಅಂತ ಭಾವ ಕೇಳಿದರು. ಅಕ್ಕ ಶಾಲೆಗೆ ಹೋಗಿದ್ದೇ ಮೂರು ವರ್ಷ. ಅವಳ ಆರು ಯಾವುದು, ಒಂಬತ್ತು ಯಾವುದು ಎಂದು ಅವಳೇ ಹೇಳಬೇಕು. ಆದರೂ ಒಂದು ದಿನವೂ ಬಿಡಲಿಲ್ಲ. ಪಕ್ಕದಲ್ಲಿ ಕೇಳದ್ದನ್ನೂ ಸೇರಿಸುತ್ತಿದ್ದಳು: ಗಾಳಿ ಇಲ್ಲ. ನಕ್ಷತ್ರ ಬಹಳ. ನಾಯಿ ಒಳಗೆ ಬಂದು ಮಲಗಿತು.

ಮತ್ತೆ ವಸಂತ ಮುಗಿಯುತ್ತ ಬಂತು. ಈ ಸಲವೂ ಹೋದರೆ ಪೆಟ್ಟಿಗೆ ಮಾರಿಬಿಡೋಣ ಎಂದು ಭಾವ ತೀರ್ಮಾನಿಸಿದ್ದರು; ಬಯಲಿನ ಗೋದಾಮೊಂದರಲ್ಲಿ ಕಾವಲಿನ ಕೆಲಸಕ್ಕೆ ಮಾತಾಡಿಯೂ ಬಂದಿದ್ದರು. ಉಳಿದ ಹದಿನೆಂಟನ್ನು ಯಾವತ್ತು ಪಾಲು ಮಾಡಲಿ ಎಂದು ಅಕ್ಕ ಫೋನಿನಲ್ಲಿ ಕೇಳಿದಳು. ಅಕ್ಕನ ಕಿವಿಯಲ್ಲಿ ಒಂದು ಮಾತು ಹೇಳುವುದು ಸುಲಭವಿತ್ತು. ಆದರೆ ಆ ತಪ್ಪಲಿನಲ್ಲಿ ಜೇನು ಸಾಕುವ ಮನೆ ನಲವತ್ತಿದ್ದವು. ಉಳಿದ ಮೂವತ್ತೊಂಬತ್ತು ಮನೆಗೆ ಕಚೇರಿಯಲ್ಲಿ ತಂಗಿಯಿಲ್ಲವಲ್ಲ ಎಂಬುದು ಅವಳನ್ನು ಕೊರೆಯಿತು. ಅಕ್ಕ ದಿನಾ ಬರೆದಿಟ್ಟ ಪುಸ್ತಕ ತರಿಸಿಕೊಂಡು ಸಾಹೇಬರ ಮುಂದಿಟ್ಟಳು. ಮೂರನೆಯ ಸಾಲೊಂದು ಬೇಕು ಎಂದಳು.

ಸಾಹೇಬರು ಒಳ್ಳೆಯವರೇ, ಆದರೆ ನಮೂನೆಯ ಕಾಗದ ಬಿಟ್ಟು ಆಚೆ ಹೆಜ್ಜೆ ಇಡುವವರಲ್ಲ. ಅದರಲ್ಲಿ ಎರಡೇ ಸಾಲಿಗೆ ಜಾಗವಿದೆ ಎಂದರು. ಆಮೇಲೆ ಪುಟ ತಿರುಗಿಸಿದರು. ತಿರುಗಿಸುತ್ತಾ ಕನ್ನಡಕ ಹಾಕಿಕೊಂಡರು. ಗಾಳಿಯಿಲ್ಲದ, ಮೋಡವಿಲ್ಲದ ಬೆಳಗುಗಳಲ್ಲೆಲ್ಲ ಅಕ್ಕನ ಅಂಗಳ ಬೆಟ್ಟದ ಮೇಲಿನ ಕೇಂದ್ರಕ್ಕಿಂತಲೂ ತಣ್ಣಗಿತ್ತು. ಎಲ್ಲೋ ಬರೆಯುವಾಗ ತಪ್ಪಿದ್ದಾರೆ ಎಂದರು.

"ಒಂದು ದಿನ ತಪ್ಪಬಹುದು ಸಾರ್. ನಲವತ್ತು ದಿನವೂ ಒಂದೇ ಥರ ತಪ್ಪೋಕಾಗುತ್ತಾ?"

ಚಳಿಗಾಳಿ ಭಾರ, ರಾತ್ರಿ ಸುಮ್ಮನಿದ್ದರೆ ನೀರಿನ ಹಾಗೆ ಬೆಟ್ಟದಿಂದ ಇಳಿದು ತಪ್ಪಲಲ್ಲಿ ಮಡುಗಟ್ಟುತ್ತದೆ. ಇದನ್ನು ಸಾಹೇಬರು ಓದಿ ಪಾಸಾಗಿದ್ದರು. ಒಬ್ಬರ ಅಂಗಳದಲ್ಲಿ ನಡೆದದ್ದನ್ನು ನೋಡಿರಲಿಲ್ಲ. ಪುಸ್ತಕ ಮುಚ್ಚಿ, ಬಯಲಿನ ಸಾಲಿನ ಕೊನೆಗೆ ಸೇರಿಸಿ ಎಂದರು.

ಸೋಮವಾರ ರೇಡಿಯೋದಲ್ಲಿ ಬಂತು: "ತಪ್ಪಲಿನ ಊರುಗಳಲ್ಲಿ ಶುಕ್ರವಾರದವರೆಗೆ, ಆಕಾಶ ತಿಳಿಯಾದ ದಿನ, ಮುಂಜಾನೆ ನೀರು ಹೆಪ್ಪುಗಟ್ಟುವ ಚಳಿ. ಶನಿವಾರದಿಂದ ಮೋಡ, ಬೆಚ್ಚನೆಯ ರಾತ್ರಿಗಳು." ತಪ್ಪಲಿನ ಬಸ್ಸಿನ ಕಂಡಕ್ಟರು, ಅಂತೂ ನಮಗೂ ಒಂದು ಹವಾಮಾನ ಬಂತು ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದನಂತೆ.

ಮಂಗಳವಾರ ಚಳಿ ಬರಲಿಲ್ಲ. ಬುಧವಾರವೂ ಬೆಳಿಗ್ಗೆ ಮೋಡ ಕವಿದು, ಶಾಲು ಬೇಡವೆನಿಸುವಷ್ಟು ಬೆಚ್ಚಗಿತ್ತು. ಆ ಸಂಜೆ ಭಾವನೇ ಫೋನ್ ಮಾಡಿದರು. ಹೂವು ಉದುರುತ್ತಿದೆ, ಅದೇನು ನಿಮ್ಮ ಕಚೇರಿಯ ಆರ್ಡರಿಗೆ ಕಾಯುತ್ತಾ ಎಂದು ಕೇಳಿದರು. ದನಿಯಲ್ಲಿ ಕೋಪಕ್ಕಿಂತ ದಣಿವಿತ್ತು. ಅವಳಿಗೆ ಭಯವಾಯಿತು. ತನ್ನ ಮಾತು ಕೇಳಿ ಇವರು ಹೂವನ್ನೂ ಕಳೆದುಕೊಂಡರೆ?

"ಇನ್ನೆರಡು ದಿನ ತಡೀರಿ ಭಾವ," ಎಂದಳು.

ಗುರುವಾರ ಆರೂ ಕಾಲಿಗೆ ಫೋನ್ ಬಂತು.

"ಸೊನ್ನೆಗಿಂತ ಎರಡು ಕೆಳಗೆ," ಎಂದಳು ಅಕ್ಕ. "ಬಕೆಟ್ಟಿನ ನೀರು ಗಾಜಾಗಿದೆ."

"ಪಾಲು ಮಾಡಿಬಿಟ್ಟಿದ್ರಾ?"

"ಇಲ್ಲ ಕಣೇ. ನಿನ್ ಭಾವ ನಿನ್ನೆ ಪೆಟ್ಟಿಗೆ ಮುಂದೆ ಹೋಗಿ ಕೂತಿದ್ರು, ಎದ್ದು ಬಂದ್ರು. ಈಗ ಪೆಟ್ಟಿಗೆಗೆ ಕಿವಿ ಇಟ್ಟು ಕೇಳ್ತಾ ಇದ್ದಾರೆ. ಹದಿನೆಂಟೂ ಗುಂಯ್ ಅಂತಿವೆ."

ಶನಿವಾರ ಮೋಡ ಬಂತು. ಮಧ್ಯಾಹ್ನದೊಳಗೆ ಹದಿನೆಂಟು ಮೂವತ್ತಾರಾಯಿತು. ಹೂವು ಅರ್ಧ ಉದುರಿತ್ತು ನಿಜ. ಆ ವರ್ಷದ ತುಪ್ಪ ಕಡಿಮೆಯೇ ಎಂದು ಅಕ್ಕ ಮೊದಲೇ ಹೇಳಿಬಿಟ್ಟಳು.

ರಾಣಿಯಿಲ್ಲದೆ ಉಳಿದ ಪಾಲಿನಲ್ಲಿ ಹೊಸ ರಾಣಿ ಹುಟ್ಟಿ ಮೊಟ್ಟೆ ಇಡಲು ಒಂದು ತಿಂಗಳಾದರೂ ಬೇಕು; ಮೊಟ್ಟೆ ಕಂಡರೆ ಪೆಟ್ಟಿಗೆ ನಿಂತಂತೆ. ತಿಂಗಳು ಕಳೆದ ಭಾನುವಾರ ಅವಳು ಬಸ್ಸು ಹತ್ತಿದಳು. ಭಾವ ಒಂದೊಂದೇ ಮುಚ್ಚಳ ತೆಗೆದು ಎರಿ ಎತ್ತುತ್ತಿದ್ದರು. ಹೊಸ ಪೆಟ್ಟಿಗೆಯೊಂದರ ಎರಿಯನ್ನು ಅವಳ ಕಡೆ ಚಾಚಿ, "ನೀನೇ ನೋಡಮ್ಮ, ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆಯಿಲ್ಲ," ಎಂದರು.

ಬಿಸಿಲಿಗೆ ಹಿಡಿದಳು. ಮೇಣದ ಒಂದೊಂದು ಕೋಣೆಯ ತಳದಲ್ಲೂ ದಾರದ ಚೂರಿನಂಥ ಬಿಳಿ ಮೊಟ್ಟೆ. ದೇವರೇ ಎಂದುಕೊಂಡಳು, ಹೊರಗೆ ಹೇಳಲಿಲ್ಲ.

"ಇದೆ ಭಾವ. ಎಲ್ಲ ಕೋಣೆಯಲ್ಲೂ ಇದೆ."

ಕೊನೆಯ ಪೆಟ್ಟಿಗೆ ನೋಡುವಷ್ಟರಲ್ಲಿ, ಮೂವತ್ತಾರರಲ್ಲಿ ಮೂವತ್ತಮೂರು ನಿಂತಿದ್ದವು. ಭಾವ ಕೈ ಒರೆಸಿಕೊಂಡು, ಯಾರಿಗೂ ಅಲ್ಲವೆಂಬಂತೆ, ಗೋದಾಮಿನವರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂತ ಇವತ್ತೇ ಹೇಳಿಬಿಡುತ್ತೇನೆ ಎಂದರು.

"ಹೇಳೋರಂತೆ," ಎಂದಳು ಅಕ್ಕ, ಮನೆಯ ಕಡೆ ನಡೆಯುತ್ತಾ. "ಮೊದಲು ಆ ಮುಚ್ಚಳ ಹಾಕ್ರೀ, ಮರಿಗೆ ಗಾಳಿ ತಗಲುತ್ತೆ."