ನಿಂತರೆ ಕುದಿಯುವ ಕಾರು

ಬಾನೆಟ್ ತೆರೆದು ನಿಂತ ಕಾರನ್ನು ಕಂಡರೆ ನನಗೆ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ. ಯಾರದೋ ಕಾರು, ಯಾರದೋ ತಾಪತ್ರಯ, ನನಗೋ ಮನೆಯಲ್ಲಿ ಹೇಳಿ ಕಳಿಸಿದ ಕೊತ್ತಂಬರಿ ಒಯ್ಯುವ ಅವಸರ. ಆದರೂ ಹತ್ತಿರ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಳಗೆ ಇಣುಕಿ, ಬಹಳ ತಿಳಿದವನಂತೆ "ಫ್ಯಾನ್ ಬೆಲ್ಟ್ ನೋಡಿದ್ರೇನ್ರಿ?" ಎಂದು ಕೇಳಿಯೇ ಬಿಡುತ್ತೇನೆ. ಬ್ಯಾಟರಿ ಸತ್ತಿದ್ದರೂ ನನ್ನ ಪ್ರಶ್ನೆ ಅದೇ. ಕಾರಿನ ಬಗ್ಗೆ ನನಗೆ ಗೊತ್ತಿರುವುದು ಆ ಒಂದು ಬೆಲ್ಟ್ ಮಾತ್ರ. ಅದೂ ಎಲ್ಲಿರುತ್ತದೆ ಎಂದು ಯಾರಾದರೂ ತಿರುಗಿ ಕೇಳಿದರೆ ಕೊತ್ತಂಬರಿ ನೆನಪಾಗುತ್ತದೆ.

ಈ ಚಟ ನನಗೆ ಅಂಟಿದ್ದು ಎಂಬತ್ತರ ದಶಕದಲ್ಲಿ, ನನ್ನ ಮದುವೆ ಗೊತ್ತಾದ ವರ್ಷ. ನಮ್ಮದು ರಾಯಬಾಗದ ಹತ್ತಿರದ ಹಳ್ಳಿಯಲ್ಲಿ ಕಬ್ಬು, ಅರಿಶಿನ ಬೆಳೆಯುವ ಜೈನರ ಮನೆ. ಹುಡುಗಿ ಅಥಣಿಯವಳು, ಹೆಸರು ಸುನಂದಾ. ನಿಶ್ಚಿತಾರ್ಥದ ದಿನ ಊಟ ಮುಗಿಸಿ ಎಲ್ಲರೂ ಎಲೆಯಡಿಕೆ ಮೆಲ್ಲುತ್ತ ಕೂತಿದ್ದಾಗ, ಸುನಂದಾಳ ಸೋದರಮಾವ, ಕಾಗವಾಡದವರು, ವರನ ಮೆರವಣಿಗೆಯ ಮಾತು ತೆಗೆದರು.

"ವರಾತಕ್ಕ ನಾವ ಒಂದ ಜೀಪ್ ಕಳಸ್ತೀವಿ ಬಿಡ್ರಿ, ಬೀಗರ. ನಿಮ್ಮ ಕಡೆ ಗಾಡಿ ಸಿಗೂದು ಕಷ್ಟ."

ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆದರೆ ನಮ್ಮ ಅಪ್ಪನಿಗೆ ಅಡಿಕೆ ಗಂಟಲಲ್ಲಿ ಸಿಕ್ಕಿತು. "ಜೀಪ್ ಯಾಕ್ರಿ? ನನ್ನ ಮಗಾ ನನ್ನ ಸ್ವಂತ ಗಾಡ್ಯಾಗ ಬರ್ತಾನ. ಸೊಸೀನೂ ಅವತ್ತ ಸಂಜೀಕ ಅದರಾಗ ಕರ್ಕೊಂಡ ಹೋಗ್ತೇನಿ" ಎಂದುಬಿಟ್ಟರು. ಆ ಗಳಿಗೆಯಲ್ಲಿ ಅಪ್ಪನ ಹತ್ತಿರ ಸ್ವಂತದ್ದು ಅಂತ ಇದ್ದ ಗಾಡಿ ಎತ್ತಿನದು. ಸೋದರಮಾವ ಮುಗುಳ್ನಕ್ಕರು. ಆ ಮುಗುಳ್ನಗೆ ಅಪ್ಪನನ್ನು ನೆಟ್ಟಗೆ ಕೊಲ್ಹಾಪುರಕ್ಕೆ ಅಟ್ಟಿತು. ಅಲ್ಲಿಂದ ಕೆನೆಬಣ್ಣದ ಹಳೆಯ ಕಾರೊಂದನ್ನು ಕೊಂಡು, ರಾತ್ರಿಯೆಲ್ಲ ಓಡಿಸಿಕೊಂಡು, ನಿಪ್ಪಾಣಿ ಚಿಕ್ಕೋಡಿ ದಾಟಿ, ಕೋಳಿ ಕೂಗುವ ಹೊತ್ತಿಗೆ ಮನೆಯ ಮುಂದೆ ತಂದು ನಿಲ್ಲಿಸಿದರು. ಊರಿಗೆ ಊರೇ ಎದ್ದು ಬಂದು ನೋಡಿತು. ನಾನಂತೂ ಹಲ್ಲುಜ್ಜುವುದನ್ನು ಮರೆತು ಹಿಂದಿನ ಸೀಟಿನಲ್ಲಿ ಕೂತು, ಪಕ್ಕದ ಖಾಲಿ ಜಾಗವನ್ನು ನೋಡಿ ನೋಡಿ ನಾಚಿಕೊಂಡೆ.

ಕಾರಿನ ಗುಣ ತಿಳಿದದ್ದು ವಾರ ಕಳೆದ ಮೇಲೆ. ಓಡುವಾಗ ಅದು ತಣ್ಣಗಿನ ಜೀವ. ರಾಯಬಾಗದಿಂದ ಚಿಕ್ಕೋಡಿಯ ತನಕ ಬೇಕಾದರೆ ಬಿಸಿಲಲ್ಲಿ ಓಡಿಸಿ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧದ ಮೇಲೆ ಏರುತ್ತಿರಲಿಲ್ಲ. ಆದರೆ ಎಲ್ಲಾದರೂ ಕಬ್ಬಿನ ಗಾಡಿಗಳ ಸಾಲು ಅಡ್ಡ ಬಂದು, ಎಂಜಿನ್ ಚಾಲೂ ಇಟ್ಟುಕೊಂಡೇ ನಿಲ್ಲಬೇಕಾಯಿತೋ, ಮುಗಿಯಿತು. ಮುಳ್ಳು ಸರಸರನೆ ಕೆಂಪಿಗೆ ಹತ್ತುತ್ತಿತ್ತು. ಒಳಗೆ ಬುಳುಬುಳು ಸದ್ದು. ಆಮೇಲೆ ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ. ಮದುವೆಯ ವರಾತವೆಂದರೆ ಏನು? ಬ್ಯಾಂಡಿನವರ ಹಿಂದೆ ಮಾರಿಗೊಮ್ಮೆ ನಿಂತು ನಿಂತು ಹೋಗುವುದೇ ತಾನೆ? ಅಲ್ಲಿ ಓಡಿಸುವ ಪ್ರಶ್ನೆಯೇ ಇಲ್ಲ. ಅಪ್ಪ ಮಾತು ಕೊಟ್ಟದ್ದು ಇಡೀ ಲೋಕದಲ್ಲಿ ಆ ಕಾರಿಗೆ ಸಾಧ್ಯವಿಲ್ಲದ ಒಂದೇ ಒಂದು ಕೆಲಸಕ್ಕೆ!

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳುತ್ತೇನೆ, ಬೇಸರಪಡಬೇಡಿ. ಎಂಜಿನ್ನಿನ ಸುತ್ತ ತಿರುಗಿ ಕಾದ ನೀರು ಮುಂದಿನ ರೇಡಿಯೇಟರಿಗೆ ಬಂದು, ಅಲ್ಲಿ ಗಾಳಿಗೆ ಮೈಯೊಡ್ಡಿ ತಣಿದು ವಾಪಸು ಹೋಗಬೇಕು. ಕಾರು ಓಡುವಾಗ ಎದುರುಗಾಳಿ ತಾನಾಗಿಯೇ ನುಗ್ಗುತ್ತದೆ. ನಿಂತಾಗ ಆ ಗಾಳಿ ಇಲ್ಲ. ಹಿಂದಿರುವ ಒಂದು ಫ್ಯಾನು ಕಷ್ಟಪಟ್ಟು ಗಾಳಿಯನ್ನು ಎಳೆದುಕೊಳ್ಳಬೇಕು. ಮನುಷ್ಯರಲ್ಲೂ ಇಂಥವರಿದ್ದಾರೆ. ನಮ್ಮ ಅಪ್ಪನನ್ನೇ ನೋಡಿ. ಹೊಲದಲ್ಲಿ ಬೆಳಗಿನಿಂದ ಬೈಗಿನ ತನಕ ಓಡಾಡುವಾಗ ಅವರಷ್ಟು ತಂಪಾದ ಮನುಷ್ಯ ಇಲ್ಲ. ಜ್ವರ ಬಂದು ಒಂದು ದಿನ ಜೋಕಾಲಿಯಲ್ಲಿ ಕೂತರೋ, ಬೆಕ್ಕು ಅಡ್ಡ ಬಂದದ್ದಕ್ಕೂ, ಸಾರಿಗೆ ಉಪ್ಪು ಸರಿಯಾಗಿ ಬಿದ್ದದ್ದಕ್ಕೂ ಸಿಟ್ಟು. ಕಾರು ಅವರನ್ನೇ ಆರಿಸಿಕೊಂಡು ಬಂದಂತಿತ್ತು.

ಊರಲ್ಲಿ ಕಾರು ಇದ್ದದ್ದು ಒಂದು, ಕಾರಿನ ವೈದ್ಯರು ಮನೆಗೊಬ್ಬರು. ಪ್ರತಿಯೊಬ್ಬರ ರೋಗಪರೀಕ್ಷೆಯಲ್ಲೂ ಅವರವರ ಕಸುಬು ಇಣುಕುತ್ತಿತ್ತು. ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರು ಬಂದವರು, ಒಳಗೆ ಹದ ಮೀರಿ ಒಣಗಿದೆ, ಸ್ವಲ್ಪ ಥಂಡಿ ಜಾಗದಲ್ಲಿ ಇಡಿ ಎಂದರು. ಕುರಿ ಕಾಯುವ ಹಿರಿಯರೊಬ್ಬರು ಬಾನೆಟ್ಟಿಗೆ ಕಿವಿ ಹಚ್ಚಿ ಕೇಳಿ, ಇದಕ್ಕೆ ಹೊಟ್ಟೆ ಉಬ್ಬಿದೆ ಅಂದರು. ಅಪ್ಪ ಮಾತ್ರ ನೀರಿನ ಮೇಲೆ ಗುಮಾನಿ ಇಟ್ಟಿದ್ದರು. ಬಂದ ರಾತ್ರಿ ಸರಿಯಾಗಿಯೇ ಇದ್ದ ಕಾರು ನಮ್ಮೂರಿನ ನೀರು ಕುಡಿದು ಕೆಟ್ಟಿದೆ ಎಂಬುದು ಅವರ ಸಿದ್ಧಾಂತ. ಬಾವಿ ಬದಲಿಸಿ ನೋಡಿದರು. ಕೊನೆಗೆ ಯಡೂರಿಗೆ ಹೋಗಿ ವೀರಭದ್ರನಿಗೆ ಒಂದು ಕೈ ಮುಗಿದು, ಕೃಷ್ಣೆಯ ನೀರನ್ನೇ ಕೊಡದಲ್ಲಿ ತಂದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ಎಂದಿನಂತೆ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ಕೊಟ್ಟಳು. ನೀರಿನಲ್ಲಿರುವ ಸಣ್ಣ ಜೀವ ಸಾಯಬಾರದೆಂದು ನಮ್ಮ ಮನೆಯಲ್ಲಿ ಸೋಸದ ನೀರನ್ನು ಎಮ್ಮೆಗೂ ಇಡುತ್ತಿರಲಿಲ್ಲ. ಕಾರು ಕೃಷ್ಣೆಯನ್ನೂ ಭೇದವೆಣಿಸದೆ ಕುದಿಸಿತು.

ಕುಡಚಿಯ ದಸ್ತಗೀರ ಮಿಸ್ತ್ರಿಯೂ ಕೈಲಾದದ್ದೆಲ್ಲ ಮಾಡಿದ. ಬೆಲ್ಟ್ ಬಿಗಿಮಾಡಿದ. ಥರ್ಮೋಸ್ಟಾಟ್ ತೆಗೆದು ಎಸೆದ. ರೇಡಿಯೇಟರನ್ನೇ ಬಿಚ್ಚಿ ತೊಳೆದು ಮತ್ತೆ ಕೂಡಿಸಿದ. ಪ್ರತಿ ಸಲ "ಆತ್ರಿ ಅಪ್ಪಾರ, ಈಗ ನೋಡ್ರಿ" ಎನ್ನುವನು. ಓಡಿಸಿ ನೋಡುವೆವು, ತಂಪು. ನಿಲ್ಲಿಸುವೆವು, ಹಬೆ. ಮದುವೆ ಹತ್ತಿರ ಬಂದಂತೆ ಅಪ್ಪ ತೆಳ್ಳಗಾದರು. ರಾತ್ರಿ ಊಟಕ್ಕೆ ಕೂತರೂ ಅವರ ಕಣ್ಣ ಮುಂದೆ ಆ ಮುಗುಳ್ನಗೆಯೇ ಕುಣಿಯುತ್ತಿತ್ತು. ಜೀಪನ್ನು ಒಪ್ಪಿಕೊಂಡರಾಯಿತಲ್ಲ ಎಂದು ನಾನು ಒಮ್ಮೆ ಅಂದು ನೋಡಿದೆ. ಅಪ್ಪ ನಿಂತಲ್ಲಿಯೇ ಕುದಿದರು. ಕೊನೆಗೆ ದಸ್ತಗೀರನನ್ನೇ ಮದುವೆಗೆ ಕರೆದು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುವುದೆಂದು ಠರಾವಾಯಿತು.

ಮದುವೆಯ ದಿನ ಅಥಣಿಯವರೆಗೆ ಕಾರು ಹೂವಿನಂತೆ ಬಂತು. ಅಪ್ಪ ಸ್ಟಿಯರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ದಸ್ತಗೀರ, ಹಿಂದೆ ಬಾಸಿಂಗ ಕಟ್ಟಿಕೊಂಡ ನಾನು ಮತ್ತು ಆಯಿ. ಊರೊಳಗೆ ಬ್ಯಾಂಡು ಶುರುವಾಯಿತು. ಕ್ಲ್ಯಾರಿನೆಟ್ಟಿನವನು ಕೆನ್ನೆ ಉಬ್ಬಿಸಿದ, ಹುಡುಗರು ಕುಣಿದರು, ಕಾರು ಎರಡು ಗೇಣು ಸರಿಯುವುದು, ನಿಲ್ಲುವುದು. ನಾನು ಸುನಂದಾಳನ್ನು ಧ್ಯಾನಿಸುವುದು ಬಿಟ್ಟು ಅಪ್ಪನ ಭುಜದ ಮೇಲಿಂದ ಆ ಮುಳ್ಳನ್ನೇ ಧ್ಯಾನಿಸುತ್ತಿದ್ದೆ. ಹೆಣ್ಣಿನ ಮನೆಯ ಎದುರಿಗೆ, ಸರಿಯಾಗಿ ಸೋದರಮಾವ ಹಾರ ಹಿಡಿದು ನಿಂತ ಜಾಗದಲ್ಲಿ, ಬಾನೆಟ್ಟಿನಿಂದ ಹಬೆ ಎದ್ದಿತು. ಬ್ಯಾಂಡು ನಿಂತಿತು. ಅಪ್ಪ ಕೀಲಿ ತಿರುವಿ ಎಂಜಿನ್ ಆರಿಸಿದರು. ಅವರ ಮುಖ ನೋಡಲಾರದೆ ನಾನು ಬಾಸಿಂಗದ ಹಿಂದೆ ಅಡಗಿದೆ.

ದಸ್ತಗೀರ ಇಳಿದು ಬಾನೆಟ್ ಎತ್ತಿದ. ಇಡೀ ವರಾತ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಇಣುಕಿತು. ಆಗ ಮೇಲಿನಿಂದ, ಮಾಳಿಗೆಯ ಅಂಚಿನಿಂದ, ಒಂದು ಹೆಣ್ಣುದನಿ ಬಂತು.

"ಅಲ್ಲಾ, ಮುಂದ ಅದೇನ ಅರಿವಿ ಕಟ್ಟ್ಯಾರ್ರಿ? ಗಾಡಿಗಿ ಉಸಿರ ಕಟ್ಟೂದಿಲ್ಲೇನು?"

ಎಲ್ಲರೂ ತಲೆಯೆತ್ತಿದರು. ಮದುಮಗಳು! ಯಾರೋ ಹೆಂಗಸರು ಅವಳನ್ನು ಒಳಗೆ ಎಳೆದುಕೊಂಡರು. ಆದರೆ ಮಾತು ಕೆಳಗೆ ಬಿದ್ದಾಗಿತ್ತು. ಮುಂದಿನ ಜಾಲರಿಗೂ ರೇಡಿಯೇಟರಿಗೂ ನಡುವೆ, ನಾಲ್ಕು ಮೂಲೆಗೆ ದಾರ ಬಿಗಿದು ಕಟ್ಟಿದ, ಎರಡು ಮಡಿಕೆಯ ದಪ್ಪ ಬಟ್ಟೆಯೊಂದು ಅಚ್ಚುಕಟ್ಟಾಗಿ ಕೂತಿತ್ತು. ನಾವೆಲ್ಲ ಅದನ್ನು ಎಷ್ಟೋ ಸಲ ನೋಡಿದ್ದೆವು.

"ಲೇ ದಸ್ತಗೀರ, ಅದು ನೀ ಹಾಕಿದ ಫಿಲ್ಟರ್ ಅಲ್ಲೇನೋ?" ಅಪ್ಪ ಕೇಳಿದರು.

"ನಾನಾ? ಇಲ್ರಿ ಅಪ್ಪಾರ! ಅದು ನಿಮ್ಮ ದೇವರ ಅರಿವಿ ಅಂತ ತಿಳದಿದ್ನಿರಿ. ಪ್ರತಿ ಸಲ ಕೈ ತೊಳಕೊಂಡ ಬಿಚ್ಚೇನಿ, ಕೈ ತೊಳಕೊಂಡ ಕಟ್ಟೇನಿ."

ಇನ್ನು ನಾನು. ಅದು ಕಾರಿನ ಜೊತೆಗೇ ಹುಟ್ಟಿ ಬಂದದ್ದು ಎಂದುಕೊಂಡಿದ್ದೆ. ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದೆಂಬ ಮರ್ಯಾದೆಯಲ್ಲಿ ನಾವು ಮೂವರೂ ಸೇರಿ ಆ ಕಾರಿನ ಮೂಗು ಮುಚ್ಚಿ ಹಿಡಿದಿದ್ದೆವು. ಓಡುವಾಗ ಎದುರುಗಾಳಿ ಬಟ್ಟೆಯನ್ನೂ ತೂರಿ ಬರುತ್ತಿತ್ತು. ನಿಂತಾಗ ಪಾಪ ಆ ಫ್ಯಾನಿಗೆ ಅಷ್ಟು ತ್ರಾಣ ಎಲ್ಲಿಯದು?

ಹಿಂದಿನ ಸೀಟಿನಿಂದ ಆಯಿ ನೆಮ್ಮದಿಯಾಗಿ ಹೇಳಿದಳು: "ನಾನ ಕಟ್ಟೇನಿ. ಗಾಡಿ ಬಂದ ದಿನ ಮುಂಜಾನೆ ನೋಡಿದ್ನಿ, ಜಾಳಗ್ಯಾಗ ಪತಂಗ, ಹುಳಾ ಎಲ್ಲಾ ಸುಟ್ಟ ಸತ್ತಿದ್ವು. ನೀರ ಸೋಸಿ ಕುಡ್ಯಾವ್ರು ನಾವು, ಗಾಳಿ ಸೋಸಬಾರದೇನು?"

ಬಟ್ಟೆಗೆ ಬಡಿದ ಹುಳುವಿನ ಗತಿ ಏನಾಗುತ್ತದೆ ಎಂಬುದು ಶಾಸ್ತ್ರಜ್ಞರಿಗೆ ಬಿಟ್ಟದ್ದು. ಮುಂದಿನ ಗಾಜಿಗೂ ಹುಳು ಬಡಿಯುತ್ತವೆ ಎಂಬುದು ಆಯಿಗೆ ಹೊಳೆಯದೆ ಹೋದದ್ದು ನಮ್ಮ ಪುಣ್ಯ, ಇಲ್ಲವಾದರೆ ಅಪ್ಪ ಕೊಲ್ಹಾಪುರದ ಕಾರನ್ನು ಬಟ್ಟೆಯೊಳಗಿಂದ ನೋಡಿ ಓಡಿಸಬೇಕಾಗುತ್ತಿತ್ತು. ಅಪ್ಪ ದಾರಕ್ಕೆ ಕೈ ಹಾಕಿದರು. ಆಯಿ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಳು. "ಬಿಚ್ಚು. ನಾ ನಡಕೊಂಡ ಬರ್ತೇನಿ. ಮೊಮ್ಮಗನ ಲಗ್ನಕ್ಕ ಜೀವಾ ಕೊಂದ ಪಾಪ ನನಗ ಬ್ಯಾಡ." ಅಪ್ಪನ ಕೈ ಅಲ್ಲೇ ನಿಂತಿತು. ಮರ್ಯಾದೆ ಒಂದು ಕಡೆ, ಹಡೆದ ತಾಯಿ ಒಂದು ಕಡೆ. ಬಿಸಿಲಿನಲ್ಲಿ ನಿಂತ ಅಪ್ಪನನ್ನು ನೋಡಿ ನನಗೆ ಅಳುವೇ ಬಂತು.

ಆಗ ಸೋದರಮಾವ ಹಾರವನ್ನು ಯಾರದೋ ಕೈಗೆ ಕೊಟ್ಟರು, ಧೋತರವನ್ನು ಮೇಲೆ ಕಟ್ಟಿದರು. "ಎಂಜಿನ್ ಯಾಕ ಬೇಕ್ರಿ ಬೀಗರ? ನೀವು ಒಳಗ ಕೂತ ಸ್ಟೇರಿಂಗ್ ಹಿಡೀರಿ. ಲೇ, ಎಲ್ಲಾರೂ ಬರ್ರಿ, ದಬ್ಬರಿ!" ಎಂದರು. ಮಾತು ಕೊಟ್ಟವರು ನಾವು, ಕಾರು ದಬ್ಬಿದವರು ಅವರು! ಆಯಿ ಕೆಳಗಿಟ್ಟ ಕಾಲನ್ನು ಒಳಗೆ ಎಳೆದುಕೊಂಡಳು. ಬ್ಯಾಂಡು ಮತ್ತೆ ಭೋರೆಂದಿತು. ಹೆಣ್ಣಿನ ಕಡೆಯ ಅಷ್ಟೂ ಗಂಡಸರು ಹಿಂದೆ ಬಂದು ಹೆಗಲು ಕೊಟ್ಟರು. ದಸ್ತಗೀರನ ಇಸ್ತ್ರಿ ಅಂಗಿ ನೀರಾಯಿತು. ಕಾರು ಇಷ್ಟು ಸದ್ದಿಲ್ಲದೆ, ಇಷ್ಟು ಗತ್ತಿನಿಂದ ಎಂದೂ ನಡೆದಿರಲಿಲ್ಲ. ಲಗ್ನದ ಚಪ್ಪರ ಹಾಕಿದ್ದ ಬಸದಿಯ ಅಂಗಳ ಕಾಣುವ ಹೊತ್ತಿಗೆ ಏರು ಬಂತು. ದಬ್ಬುವವರ ಏದುಸಿರು ಬ್ಯಾಂಡಿನ ಮೇಲೆ ಕೇಳತೊಡಗಿತು. ಆಯಿ ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದಳು, ಸೋದರಮಾವನ ಕೆಂಪೇರಿದ ಮುಖ.

"ನಿಲ್ಲಸೋ," ಎಂದಳು. ಇಳಿದಳು. ತಾನೇ ಹೋಗಿ ದಾರ ಬಿಚ್ಚಿ ಬಟ್ಟೆ ಹೊರತೆಗೆದು ಝಾಡಿಸಿ, ಅದರಲ್ಲೇ ಸೋದರಮಾವನ ಹಣೆ ಒರೆಸಿದಳು. "ಇವೂ ಜೀವಾನ ಅಲ್ಲೇನು. ಹಗಲ ಐತಿ, ಪತಂಗ ಎಲ್ಲೂ ಇಲ್ಲ. ಚಾಲೂ ಮಾಡು" ಎಂದು ಅಪ್ಪನಿಗೆ ಹೇಳಿದಳು.

ಅಪ್ಪ ಚಾಲೂ ಮಾಡಿದರು. ಮುಳ್ಳು ಅಲ್ಲಾಡಲಿಲ್ಲ. ಆ ಮೇಲೆ ಅಪ್ಪನಿಗೆ ಏನಾಯಿತೋ, ಕಾರನ್ನು ಚಪ್ಪರದ ಪಕ್ಕದಲ್ಲಿ ನಿಲ್ಲಿಸಿ ಎಂಜಿನ್ ಆರಿಸಲೇ ಇಲ್ಲ. ಮಂತ್ರ ನಡೆದಾಗಲೂ ಅದು ಗುರುಗುಡುತ್ತಿತ್ತು. ಅಕ್ಷತೆ ಬಿದ್ದಾಗಲೂ ಗುರುಗುಡುತ್ತಿತ್ತು. ನಡುನಡುವೆ ಅಪ್ಪ ಎದ್ದು ಹೋಗಿ ಮುಳ್ಳು ನೋಡಿ ಬಂದು, ಬೀಗರ ಸಾಲಿಗೆಲ್ಲ ಕೇಳುವಂತೆ "ತಂಪೈತಿ" ಎಂದು ಸಾರುವರು. ಸುನಂದಾ ತಲೆ ತಗ್ಗಿಸಿ ನಕ್ಕದ್ದು ನನಗೆ ಕಂಡಿತು, ನನ್ನ ಕೈಯಲ್ಲಿದ್ದ ಅಕ್ಷತೆಯೆಲ್ಲ ಪುರೋಹಿತರ ಮೇಲೆ ಬಿತ್ತು.

ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಸೊಸೆಯನ್ನು ಅದೇ ದಿನ, ಅದೇ ಕಾರಿನಲ್ಲಿ ಕರೆದೊಯ್ಯುವ ಮಾತು ಇನ್ನೂ ಬಾಕಿ. ನಾನೂ ಸುನಂದಾಳೂ ಹಿಂದೆ ಕೂತೆವು. ಆಯಿ ಆ ಬಟ್ಟೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಅಪ್ಪ ದೀಪ ಹಾಕಿದರು. ಆ ಬೆಳಕಿಗೆ ಎಲ್ಲಿಂದಲೋ ನಾಲ್ಕೈದು ಪತಂಗಗಳು ಬಂದು ಸುತ್ತತೊಡಗಿದವು. ಅಪ್ಪ ಅವನ್ನು ನೋಡಿದರು. ಆಯಿಯನ್ನು ನೋಡಿದರು. ಕೀಲಿ ತಿರುವಿ, ಲಗ್ನಕ್ಕೂ ಮೊದಲಿನಿಂದ ಓಡುತ್ತಿದ್ದ ಎಂಜಿನ್ನನ್ನು ಆರಿಸಿದರು.

ಸೋದರಮಾವ ಓಡಿ ಬಂದರು. "ಯಾಕ್ರೀ ಬೀಗರ, ಮತ್ತ ಕಾದತೇನು ಗಾಡಿ?"

"ಇಲ್ರಿ, ಗಾಡಿ ಭಾಳ ತಂಪೈತಿ," ಅಪ್ಪ ಹೇಳಿದರು. "ದಾರ್ಯಾಗ ಈಗ ಹುಳದ ಹೊತ್ತು. ಅವು ಮಕ್ಕೊಳ್ಳಲಿ. ನಾವ ಮುಂಜಾನೆ ಹೋಗ್ತೀವಿ."

ಈ ಸಲ ಸೋದರಮಾವ ಮುಗುಳ್ನಗಲಿಲ್ಲ. ಅಪ್ಪನ ಕೈ ಹಿಡಿದು ಇಳಿಸಿಕೊಂಡರು. ಸುನಂದಾ ಹೆಂಗಸರ ಜೊತೆ ಒಳಗೆ ಹೋದಳು, ಆಯಿ ದೀಪ ಆರಿದ ಕಾರಿಗೆ ಬೆನ್ನು ಕೊಟ್ಟು ಖುಷಿಯಿಂದ ಅಡಿಕೆ ಕತ್ತರಿಸುತ್ತ ಕೂತಳು. ದಾರಿಯ ಪತಂಗಗಳೆಲ್ಲ ಆ ರಾತ್ರಿ ಉಳಿದುಕೊಂಡವು. ಮದುಮಗ ಮಾತ್ರ ಮಾವಂದಿರ ಸಾಲಿನ ನಡುವೆ ಗೊರಕೆ ಕೇಳುತ್ತ ಬೆಳಗಾಗುವುದನ್ನೇ ಎದುರುನೋಡಿದ.