ನೀಲಿ ಲಾರಿಗೊಂದು ಸಿಸ್ಟಮ್

ಲಾರಿ ಓಡಿಸುವವರಲ್ಲಿ ಅವಸರವೇ ಗೊತ್ತಿಲ್ಲದ ಮನುಷ್ಯ ಇವನೊಬ್ಬನೇ ಇರಬೇಕೆಂದು ಗ್ಯಾರೇಜಿನವರು ಇವನಿಗೆ ನಿಧಾನದಣ್ಣ ಎಂದು ಹೆಸರಿಟ್ಟಿದ್ದರು. ಗಾಜು, ಸಿಮೆಂಟು, ಕಾಗದದ ಉರುಳೆ, ಏನು ಹೇರಿದರೂ ಒಂದು ಚೂರು ಮುಕ್ಕಾಗದಂತೆ ಇಳಿಸಿದವನು. ಆದರೆ ಜೀವಮಾನವಿಡೀ ಓಡಿಸಿದ ಗಾಡಿಗಳಲ್ಲಿ ಒಂದೂ ಸ್ವಂತದ್ದಲ್ಲ. ಪ್ರತಿ ಲಾರಿಯ ಬಾಗಿಲ ಮೇಲೂ ಯಾರೋ ಒಬ್ಬ ಯಜಮಾನನ ಹೆಸರು ದಪ್ಪ ಅಕ್ಷರದಲ್ಲಿ ಕೂತಿರುತ್ತಿತ್ತು. ಬೆಳಗಾಗೆದ್ದು ಅದರ ಧೂಳು ಒರೆಸುವ ಭಾಗ್ಯ ಮಾತ್ರ ಇವನದಾಗಿತ್ತು.

ಆಮೇಲೆ ಕಣ್ಣು ಕೈಕೊಟ್ಟಿತು. ಕಣ್ಣೊಳಗಿನ ಒತ್ತಡ ಹೆಚ್ಚಿ, ನೋಟದ ಅಂಚುಗಳೆಲ್ಲ ಅಳಿಸಿಹೋಗಿ, ನಡುವೆ ಒಂದು ಕಿಟಕಿಯಷ್ಟು ಜಾಗ ಉಳಿಯಿತು. ಡಾಕ್ಟರು ಎದುರಿನ ಅಕ್ಷರಗಳನ್ನು ಓದಿಸಿ ತಲೆಯಾಡಿಸಿದರು, ಪಕ್ಕದಲ್ಲಿ ಬೆರಳು ಆಡಿಸಿದರೆ ಇವನ ಕಣ್ಣಿಗೆ ಬೆರಳೂ ಇಲ್ಲ, ಕೈಯೂ ಇಲ್ಲ. ಲೈಸೆನ್ಸು ಹೋಯಿತು. ಹೆಂಡತಿ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಖಾಲಿ ಮನೆಯಲ್ಲಿ ಕೂತು, ಊಟದ ತಟ್ಟೆಯನ್ನೂ ಸ್ಟೀರಿಂಗಿನ ಹಾಗೆ ಎರಡು ಕೈಯಲ್ಲಿ ಹಿಡಿದು ಸುಮ್ಮನೆ ನೋಡುವ ಮಾವನನ್ನು ಕಂಡು ಸೊಸೆ ಒಂದು ಉಪಾಯ ಹುಡುಕತೊಡಗಿದಳು.

ಸೊಸೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಕಂಪ್ಯೂಟರ್ ಆಟವೆಂದರೆ ಪ್ರಾಣ. ಬಿಡಿಭಾಗ ಒಂದೊಂದಾಗಿ ತಂದು ತಾನೇ ಜೋಡಿಸಿದ ಕಂಪ್ಯೂಟರು ಮುಂದಿನ ಕೋಣೆಯಲ್ಲಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಬೇರೆ ಬೇರೆ ಆಸ್ಪತ್ರೆಗಳ ಮೂವರು ಗೆಳತಿಯರ ಜೊತೆ ತಂಡ ಕಟ್ಟಿಕೊಂಡು ಅದರಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದಳು. ವಾರವೆಲ್ಲ ಕತ್ತಲೆ ಕೋಣೆಯಲ್ಲಿ ಕಂಡವರ ಮೂಳೆ ನೋಡುವವಳಿಗೆ ಅದೊಂದು ಹೊತ್ತು ತನ್ನದು. ಆ ಕಂಪ್ಯೂಟರಿನ ಮೇಜಿಗೇ ಅವಳು ಎಲ್ಲಿಂದಲೋ ಒಂದು ಹಳೆಯ ಸ್ಟೀರಿಂಗು, ಪೆಡಲು ತಂದು ಬಿಗಿದು, ಲಾರಿ ಓಡಿಸುವ ಆಟ ಹಾಕಿಕೊಟ್ಟಳು. ಪರದೆ ನಿಧಾನದಣ್ಣನ ಉಳಿದ ನೋಟದೊಳಗೆ ಅಳತೆ ತೆಗೆದ ಹಾಗೆ ಕೂತಿತು.

ಆ ಆಟದಲ್ಲೂ ಮೊದಲು ಬೇರೆಯವರ ಗಾಡಿಗೆ ಡ್ರೈವರಾಗಿಯೇ ದುಡಿಯಬೇಕು. ಅದೇನು ಇವನಿಗೆ ಹೊಸದೇ? ದಿನಾ ಮಧ್ಯಾಹ್ನ ಒಬ್ಬನೇ ಕೂತು, ಸಿಗ್ನಲ್ ತಪ್ಪಿಸದೆ, ಯಾರಿಗೂ ತಗುಲಿಸದೆ ದುಡಿದ. ಕೊನೆಗೊಂದು ದಿನ ಸ್ವಂತ ಲಾರಿ ಸಿಕ್ಕಿತು, ನೀಲಿ ಬಣ್ಣದ್ದು. ಅಂದು ಮಗನನ್ನೂ ಸೊಸೆಯನ್ನೂ ಪರದೆಯ ಮುಂದೆ ನಿಲ್ಲಿಸಿ ಗಾಡಿಯ ಸುತ್ತ ಒಂದು ಸುತ್ತು ತೋರಿಸಿದ. ಇದು ಬರೀ ಆಟ ಕಣಪ್ಪಾ ಎನ್ನಲು ಮಗ ಬಾಯಿ ತೆರೆದನಾದರೂ ಹೆಂಡತಿಯ ಕಣ್ಣು ನೋಡಿ ಮುಚ್ಚಿಕೊಂಡ.

ಎಡವಟ್ಟಾದದ್ದು ಒಂದು ಮಧ್ಯಾಹ್ನ. ಕಂಪ್ಯೂಟರು ಆನ್ ಮಾಡಿದರೆ ಲಾರಿ ಬರಲಿಲ್ಲ, ಇಂಗ್ಲಿಷಿನಲ್ಲಿ ಏನೋ ಬರೆದು ಒಂದು ಉಂಗುರ ತಿರುಗತೊಡಗಿತು. ನಂಬರ್ ಪ್ಲೇಟಿನ ದಯೆಯಿಂದ ನಿಧಾನದಣ್ಣನಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಒಳಗಿನ ಫ್ಯಾನು ಏರು ರಸ್ತೆಯ ಗಾಡಿಯ ಹಾಗೆ ಕಿರುಚಿಕೊಂಡಿತು. ಮುಟ್ಟಿ ನೋಡಿದರೆ ಡಬ್ಬಿ ಬಿಸಿ. ಎಂಜಿನ್ ಕಾದರೆ ಪಕ್ಕಕ್ಕೆ ಹಾಕಿ ಆರಿಸಬೇಕು, ಇದನ್ನು ಇವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದುಹೋಗಿ ಗೋಡೆಯ ಸ್ವಿಚ್ಚೇ ಆರಿಸಿದ. ತಣ್ಣಗಾಗಲು ಬಿಟ್ಟು ಮತ್ತೆ ಹಾಕಿದರೆ ಕಪ್ಪು ಪರದೆ, ಮೂಲೆಯಲ್ಲಿ ನಾಲ್ಕು ಬಿಳಿ ಸಾಲು. ಸ್ವಿಚ್ಚನ್ನು ಮತ್ತೆ ಆರಿಸಿ, ತಪ್ಪು ಮಾಡಿದ ಹುಡುಗನ ಹಾಗೆ ಹೊರಬಾಗಿಲ ಮೆಟ್ಟಿಲ ಮೇಲೆ ಕೂತ.

ಸಂಜೆ ಸೊಸೆ ಕೇಳಿದಾಗ, ಅದು ತಾನಾಗೇ ನಿಂತುಹೋಯಿತು ಎಂದುಬಿಟ್ಟ. ಅವಳು ಆರಿದ್ದ ಗೋಡೆಯ ಸ್ವಿಚ್ಚಿನ ಕಡೆ ಒಮ್ಮೆ ನೋಡಿ ಅದನ್ನು ಹಾಕಿದಳು.

ಮಗ ರಿಪೇರಿ ಅಂಗಡಿಯವನಿಗೆ ಫೋನು ಹಚ್ಚಿದ. ಹಳೆಯ ವಿಂಡೋಸ್ ತನ್ನನ್ನು ತಾನು ಹೊಸದು ಮಾಡಿಕೊಳ್ಳುವಾಗ ಕರೆಂಟು ಹೋಗಿ ಕೆಟ್ಟಿದೆ, ಈ ಕಂಪ್ಯೂಟರು ಹೊಸ ವಿಂಡೋಸಿಗೆ ಆಗಿಬರುವುದಿಲ್ಲ, ಹಳೆಯದನ್ನೇ ಮತ್ತೆ ಹಾಕಬಹುದು, ಇಲ್ಲವಾದರೆ ವಿಂಡೋಸಿನಂಥದೇ ಇನ್ನೊಂದು ಸಿಸ್ಟಮ್, ಲಿನಕ್ಸ್ ಹಾಕಿ, ಅದು ಬಿಟ್ಟಿ, ಹಗುರ ಕೂಡ, ಎಂದ ಆತ. ಯಾವುದು ಹಾಕಿದರೂ ಮೊದಲು ಡಿಸ್ಕನ್ನು ಪೂರ್ತಿ ಅಳಿಸಬೇಕಂತೆ. ನಿಧಾನದಣ್ಣನ ಕಿವಿ ನೆಟ್ಟಗಾಯಿತು.

"ಪೂರ್ತಿ ಅಂದ್ರೆ ಲಾರೀನೂ ಸೇರಿ?" ಎಂದು ಮಗನನ್ನು ಕೇಳಿದ.

ಲಾರಿಯೂ ಸೇರಿಯೇ. ನಿಧಾನದಣ್ಣ ಅಂದು ಅರ್ಧ ಊಟಕ್ಕೆ ಕೈ ತೊಳೆದ.

ಅಂಗಡಿಯವನ ಮಾತನ್ನು ಸೊಸೆ ಪೂರ್ತಿ ಒಪ್ಪಲಿಲ್ಲ. ಲಿನಕ್ಸನ್ನು ಒಂದು ಪೆನ್‌ಡ್ರೈವಿನಲ್ಲಿ ತುಂಬಿಸಿ, ಡಿಸ್ಕಿಗೆ ಕೈ ಹಚ್ಚದೆ, ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿದಳು. ಕೆಟ್ಟ ವಿಂಡೋಸಿನ ಹೊಟ್ಟೆಯೊಳಗೆ, ಇವನ ದುಡಿಮೆಯೆಲ್ಲ ದಾಖಲಾಗಿದ್ದ ಲಾರಿಯ ಕಡತ ಹಾಗೇ ಇತ್ತು. ಅದನ್ನು ಜೋಪಾನವಾಗಿ ಬೇರೆ ಕಡೆ ತೆಗೆದಿಟ್ಟಳು. ಹೋದ ಜೀವ ಬಂದಂತಾಯಿತು ನಿಧಾನದಣ್ಣನಿಗೆ. ಆದರೆ ಇನ್ನು ಲಾರಿಯನ್ನು ನಿಲ್ಲಿಸುವುದು ಯಾವ ಶೆಡ್ಡಿನಲ್ಲಿ?

ಗಂಡಹೆಂಡತಿ ಅಡುಗೆಮನೆಯಲ್ಲಿ ಆ ಮಾತೇ ಆಡುತ್ತಿದ್ದರು, ಇವನಿಗೆ ಎಲ್ಲ ಕೇಳಿಸಿತು. ಲಾರಿ ಆಟ ಲಿನಕ್ಸಿನಲ್ಲಿ ಎಡವದೆ ಓಡುತ್ತದೆ, ಹಳೆಯ ವಿಂಡೋಸಿನಲ್ಲಿ ಮುಗ್ಗರಿಸುತ್ತದೆ. ಸೊಸೆಯ ಭಾನುವಾರದ ಆಟವನ್ನಾದರೋ, ಆಡುವಾಗ ಮೋಸ ಮಾಡುವವರ ಭಯಕ್ಕೆ ಅದರ ಕಂಪನಿಯವರು ಲಿನಕ್ಸಿನಲ್ಲಿ ಆಡಲು ಬಿಡುವುದೇ ಇಲ್ಲ. ಎರಡನ್ನೂ ಹಾಕಲು ಡಿಸ್ಕಿನಲ್ಲಿ ಜಾಗ ಸಾಲದು. ಮಾಡಿದ್ದು ತಾನು, ಈಗ ಕಳೆದುಕೊಳ್ಳುವುದು ಅವಳು.

ಮಾರನೆಯ ಸಂಜೆ ಸೊಸೆ ಪೆನ್‌ಡ್ರೈವಿನ ಲಿನಕ್ಸಿನಲ್ಲೇ ಲಾರಿ ಆಟ ತೆರೆದು ಮಾವನನ್ನು ಕೂರಿಸಿದಳು. ಗಾಡಿ ಬೆಣ್ಣೆಯಂತೆ ಹೊರಟಿತು. ತಿರುವಿನಲ್ಲಿ ಮಾತ್ರ ಸ್ಟೀರಿಂಗು ಬಿಡಿಸಿಟ್ಟ ಚಕ್ರದ ಹಾಗೆ ಕೈಯಲ್ಲಿ ಗಿರ್ರನೆ ತಿರುಗಿತು.

"ಹೇಗಿದೆ ಮಾವ?"

"ಚೆನ್ನಾಗಿದೆಯಮ್ಮ. ಮೊದಲಿಗಿಂತ ಹಗುರ."

ಅವಳು ಪರದೆಯ ಕಡೆ ನೋಡಲೇ ಇಲ್ಲ, ಇವನ ಮುಖವನ್ನೇ ನೋಡಿದಳು. "ಮುರಿದ ಕೈ ಹಿಡ್ಕೊಂಡು ಬಂದು ನೋವೇ ಇಲ್ಲ ಅನ್ನೋರನ್ನ ದಿನಾ ನೋಡ್ತೀನಿ. ಅವರ ಮುಖಾನೂ ಹೀಗೇ ಇರುತ್ತೆ. ಏನಾಗಿದೆ ಹೇಳಿ."

"ಸ್ಟೀರಿಂಗಲ್ಲಿ ಜೀವ ಇಲ್ಲ. ಹಿಂದೆ ಎಷ್ಟು ಭಾರ ಇದೆ ಅಂತ ಕೈಗೆ ಗೊತ್ತಾಗ್ತಿಲ್ಲ." ತಲೆ ತಗ್ಗಿಸಿ ಹೇಳಿದ: "ಇನ್ನೊಂದಿದೆ. ಅವತ್ತು ಅದು ತಾನಾಗಿ ನಿಲ್ಲಲಿಲ್ಲ. ಎಂಜಿನ್ ಬಿಸಿಯಾಯ್ತು ಅಂದ್ಕೊಂಡು ನಾನೇ ನಿಲ್ಲಿಸಿದ್ದು."

"ಗೊತ್ತು ಮಾವ. ತಾನಾಗೇ ನಿಂತ ಕಂಪ್ಯೂಟರು ಎದ್ದು ಹೋಗಿ ಗೋಡೆ ಸ್ವಿಚ್ ಆರಿಸಲ್ಲ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ."

ನಿಧಾನದಣ್ಣ ಸ್ಟೀರಿಂಗಿನಿಂದ ಕೈ ತೆಗೆದ. ನಿನಗೆ ಬೇಕಾದ ಹಳೆಯದನ್ನೇ ಹಾಕಿಕೋ, ನನ್ನ ಲಾರಿ ಓಡಿದಷ್ಟು ಓಡಿತು ಎಂದು ಎದ್ದುಬಿಟ್ಟ. ಅವಳು ತಡೆಯಲಿಲ್ಲ, ಕೀಲಿಮಣೆ ಎಳೆದುಕೊಂಡು ಕೂತಳು.

ಮುಂದಿನ ಕೆಲವು ಸಂಜೆ ಆ ಕೋಣೆಯ ಕಡೆ ಅವನು ಸುಳಿಯಲೇ ಇಲ್ಲ. ವರ್ಷಗಳಿಂದ ಕೂಡಿಟ್ಟ ತನ್ನ ಹಳೆಯ ಆಟಗಳನ್ನೆಲ್ಲ ಸೊಸೆ ಒಂದೊಂದಾಗಿ ಅಳಿಸುತ್ತಿದ್ದಾಳೆಂದು ಮಗನೇ ಬಂದು ಹೇಳಿದ. ಡಿಸ್ಕಿನಲ್ಲಿ ಎರಡು ಸಿಸ್ಟಮಿಗೆ ಜಾಗವಾದದ್ದು ಹಾಗೆ. ಲಿನಕ್ಸಿನಲ್ಲೂ ಆ ಸ್ಟೀರಿಂಗಿಗೆ ಜೀವ ಬರಲೆಂದು ಯಾರೋ ಪುಣ್ಯಾತ್ಮರು ಬರೆದಿಟ್ಟ ಪುಟ್ಟ ಡ್ರೈವರ್ ಪ್ರೋಗ್ರಾಮ್ ಒಂದನ್ನೂ ಅವಳು ಹುಡುಕಿ ತೆಗೆದಳು.

ಕೊನೆಗೆ ಅವಳೇ ಕರೆದು ಕೂರಿಸಿ ಕಂಪ್ಯೂಟರು ಆನ್ ಮಾಡಿದಳು. ಕಪ್ಪು ಪರದೆಯ ಮೇಲೆ ಎರಡೇ ಸಾಲು, ಎರಡೂ ದಪ್ಪ ಅಕ್ಷರದಲ್ಲಿ. ಮೊದಲ ಸಾಲು ಲಿನಕ್ಸ್, ಎರಡನೆಯದು ತನ್ನ ಭಾನುವಾರದ ವಿಂಡೋಸ್ ಎಂದಳು.

"ಕಂಪ್ಯೂಟರು ನಿನ್ನದು, ನಿನ್ನದ್ಯಾಕೆ ಕೆಳಗೆ?"

"ಮಧ್ಯಾಹ್ನ ನೀವೊಬ್ರೇ ಇರ್ತೀರ. ಏನೂ ಒತ್ತದೇ ಇದ್ರೆ ಮೇಲಿಂದು ತಾನಾಗೇ ಹೊರಡುತ್ತೆ. ಮೇಲಿನ ಹೆಸರು ಓದಿ ನೋಡಿ."

ಎದುರಿಗೆ ಬರುವ ಗಾಡಿಯ ನಂಬರ್ ಓದುವ ಹಾಗೆ ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಹಿಡಿದು ಓದಿದ. ಎಂ, ಎ, ವಿ, ಎ, ಎನ್, ಎ. ಮಾವನ. ಮುಂದಿನ ಪದ ಲಾರಿ. ಅದನ್ನು ಓದುವ ಮೊದಲೇ ಸಾಲು ಮಾಯವಾಗಿ, ನಿಲ್ಲಿಸಿದ್ದ ಜಾಗದಲ್ಲೇ ನೀಲಿ ಗಾಡಿ ಕಾಣಿಸಿಕೊಂಡಿತು. ಮೊದಲ ತಿರುವಿನಲ್ಲೇ ಸ್ಟೀರಿಂಗು ಭಾರವಾಗಿ ಕೈಯನ್ನು ಜಗ್ಗಿತು. ನಿಧಾನದಣ್ಣ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಹಾಕಿದ.

"ಯಾಕೆ ನಿಲ್ಲಿಸಿದ್ರಿ ಮಾವ?"

"ತಡಿಯಮ್ಮ," ಎಂದು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ. "ರಸ್ತೆ ಕಾಣಿಸ್ತಿಲ್ಲ."